ಬೇಸಿಗೆಯ ತುಂಗೆಗೂ ಭದ್ರೆಗೂ ಮುನ್ಸೂಚನೆ ಬೇಕು: ಶಿವಮೊಗ್ಗ ಜಿಲ್ಲಾಡಳಿತಕ್ಕೆ ಒಂದು ಬಹಿರಂಗ ಪತ್ರ

ಮಾನ್ಯ ಜಿಲ್ಲಾಧಿಕಾರಿಗಳಿಗೆ, ಕರ್ನಾಟಕ ನೀರಾವರಿ ನಿಗಮದ ತುಂಗಾ ಮತ್ತು ಭದ್ರಾ ಯೋಜನೆಗಳ ಎಂಜಿನಿಯರುಗಳಿಗೆ, ಭದ್ರಾ ನೀರಾವರಿ ಸಲಹಾ ಸಮಿತಿಯ ಸದಸ್ಯರಿಗೆ, ಮಾಲಿನ್ಯ ನಿಯಂತ್ರಣ ಮಂಡಳಿಯವರಿಗೆ, ಮೀನುಗಾರಿಕೆ ಇಲಾಖೆಯವರಿಗೆ ಮತ್ತು ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದವರಿಗೆ,

ನಮಸ್ಕಾರಗಳು.

ಮಳೆಗಾಲದಲ್ಲಿ ತುಂಗೆ ಎಷ್ಟು ಏರಬಹುದೆಂದು ನಮಗೆ ಮೊದಲೇ ತಿಳಿಯುತ್ತದೆ. ಆಗುಂಬೆ, ಶೃಂಗೇರಿ ಕಡೆ ಸುರಿದ ಮಳೆಯ ಲೆಕ್ಕ ಹಿಡಿದು ಗಾಜನೂರು ಅಣೆಕಟ್ಟೆಯ ಒಳಹರಿವನ್ನು ಅಂದಾಜು ಮಾಡುತ್ತೀರಿ, ಗೇಟು ಎತ್ತುವ ಮುಂಚೆ ನದಿಪಾತ್ರದ ಜನರನ್ನು ಎಚ್ಚರಿಸುತ್ತೀರಿ. ಅದಕ್ಕೆ ನಾವು ಋಣಿಗಳು. ಆದರೆ ಮಾರ್ಚ್, ಏಪ್ರಿಲ್, ಮೇ ತಿಂಗಳಲ್ಲಿ ಅದೇ ನದಿ ಎಷ್ಟು ಸೊರಗಬಹುದು, ಸೊರಗಿದ ನೀರು ಎಷ್ಟು ಬಿಸಿಯಾಗಬಹುದು, ಯಾವ ಊರಿನ ಕೆಳಗೆ ಯಾವ ವಾರದಲ್ಲಿ ಆ ನೀರಿನಲ್ಲಿ ಬದುಕುವ ಜೀವಗಳಿಗೆ ಉಸಿರುಕಟ್ಟಬಹುದು ಎಂಬ ಮುನ್ಸೂಚನೆ ನಮಗೆ ಸಿಗುತ್ತಿಲ್ಲ. ಅಂಥದೊಂದು ಮುನ್ಸೂಚನಾ ವ್ಯವಸ್ಥೆಯನ್ನು, ತುಂಗೆ ಭದ್ರೆಯರು ಹುಟ್ಟುವ ಗಂಗಾಮೂಲದಿಂದ ಅವು ಒಂದಾಗುವ ಕೂಡ್ಲಿಯವರೆಗೆ, ಎರಡೂ ನದಿಗಳಿಗೆ ಕಟ್ಟಿ, ಅದರ ಮಾತಿಗೆ ತಕ್ಕಂತೆ ನೀರು ಬಿಡುವ ತೀರ್ಮಾನವನ್ನೂ ಕೈಗೊಳ್ಳಿ ಎಂದು ಕೇಳಲು ಈ ಪತ್ರ ಬರೆಯುತ್ತಿದ್ದೇನೆ.

ನಾನು ತೀರ್ಥಹಳ್ಳಿ ತಾಲ್ಲೂಕಿನ ಅಡಿಕೆ ಬೆಳೆಗಾರ. ಓದಿದ್ದು ಸಿವಿಲ್ ಎಂಜಿನಿಯರಿಂಗ್. ನದಿಗಳ ಹರಿವಿನ ಲೆಕ್ಕಾಚಾರದಲ್ಲೇ ಬಹುಕಾಲ ದುಡಿದವನು. ನಮ್ಮ ತೋಟಕ್ಕೂ ನೀರು ಬರುವುದು ತುಂಗೆಯಿಂದಲೇ. ಆದ್ದರಿಂದ ಪಂಪ್‌ಸೆಟ್ಟುಗಳ ಬಗ್ಗೆ ಮುಂದೆ ಹೇಳುವ ಮಾತುಗಳು ನನಗೂ ಸೇರಿದವು.

ನೀರು ಬಿಸಿಯಾಗುವುದು ಒಂದು ತೊಂದರೆ, ಹರಿವು ಕುಗ್ಗುವುದು ಇನ್ನೊಂದು. ಇವೆರಡೂ ಒಟ್ಟಿಗೆ ಬಂದಾಗ ಒಂದು ಇನ್ನೊಂದನ್ನು ಬೆಳೆಸುತ್ತದೆ. ಹಂಡೆಯ ನೀರು ಕಾಯುವುದಕ್ಕೂ ಚೊಂಬಿನ ನೀರು ಕಾಯುವುದಕ್ಕೂ ಹಿಡಿಯುವ ಹೊತ್ತು ಬೇರೆ ಬೇರೆ ಎಂಬುದು ಎಲ್ಲರಿಗೂ ಗೊತ್ತು. ಅಂಕಿಯಲ್ಲಿ ಹೇಳುವುದಾದರೆ, ನಡುಹಗಲಿನಲ್ಲಿ ನದಿಯ ಒಂದು ಚದರ ಮೀಟರ್ ಮೇಲ್ಮೈಗೆ ನಿವ್ವಳ 600 ವಾಟ್ ಶಾಖ ಸೇರುತ್ತಿದೆ ಎಂದುಕೊಳ್ಳೋಣ. ಒಂದು ಮೀಟರ್ ಆಳದ ನೀರಾದರೆ ಗಂಟೆಗೆ ಸುಮಾರು ಅರ್ಧ ಡಿಗ್ರಿ ಏರುತ್ತದೆ. ಆಳ ಕಾಲು ಮೀಟರಿಗೆ ಇಳಿದಿದ್ದರೆ ಗಂಟೆಗೆ ಎರಡು ಡಿಗ್ರಿ. ಬಿಸಿಲು ಅದೇ, ಜಾಗ ಅದೇ. ನೀರು ಕಡಿಮೆಯಾದದ್ದಷ್ಟೇ ವ್ಯತ್ಯಾಸ. ಜೊತೆಗೆ ಹರಿವು ಕುಗ್ಗಿದಾಗ ನೀರಿನ ವೇಗವೂ ತಗ್ಗುತ್ತದೆ. ಒಂದು ಬಯಲು ಹರವನ್ನು ದಾಟಲು ಮೊದಲಿಗಿಂತ ಹೆಚ್ಚು ಹೊತ್ತು ಬೇಕಾಗುತ್ತದೆ, ಅಷ್ಟು ಹೊತ್ತೂ ಅದು ಬಿಸಿಲಿಗೆ ಮೈಯೊಡ್ಡಿರುತ್ತದೆ.

ಬಿಸಿಯಾದ ನೀರಿನಲ್ಲಿ ಆಮ್ಲಜನಕ ಕಡಿಮೆ ಕರಗುತ್ತದೆ. ಸಮುದ್ರಮಟ್ಟದಲ್ಲಿ 20 ಡಿಗ್ರಿ ಸೆಲ್ಸಿಯಸ್ಸಿನ ಶುದ್ಧ ನೀರು ಲೀಟರಿಗೆ ಸುಮಾರು 9.1 ಮಿಲಿಗ್ರಾಂ ಆಮ್ಲಜನಕವನ್ನು ಹಿಡಿದಿಟ್ಟುಕೊಳ್ಳಬಲ್ಲದು. 30 ಡಿಗ್ರಿಯಲ್ಲಿ ಅದು 7.6 ಮಿಲಿಗ್ರಾಂ, 35 ಡಿಗ್ರಿಯಲ್ಲಿ 7ಕ್ಕಿಂತ ತುಸು ಕಡಿಮೆ. ಮಲೆನಾಡಿನ ಎತ್ತರದಲ್ಲಿ ಗಾಳಿಯ ಒತ್ತಡ ಕಡಿಮೆ ಇರುವುದರಿಂದ ಈ ಅಂಕಿಗಳು ಇನ್ನೂ ಸ್ವಲ್ಪ ತಗ್ಗುತ್ತವೆ. ಇದು ನೀರು ಕೊಡಬಲ್ಲ ಆಮ್ಲಜನಕದ ಲೆಕ್ಕ. ಅದನ್ನು ಬೇಡುವವರ ಲೆಕ್ಕ ತಿರುಗುಮುರುಗಾಗಿ ಓಡುತ್ತದೆ. ಕೊಳಚೆಯನ್ನು ಕೊಳೆಸುವ ಸೂಕ್ಷ್ಮಜೀವಿಗಳ ಕೆಲಸದ ವೇಗ 20ರಿಂದ 30 ಡಿಗ್ರಿಗೆ ಹೋಗುವಾಗ ಒಂದೂವರೆ ಪಟ್ಟಿಗಿಂತ ಹೆಚ್ಚಾಗುತ್ತದೆ. ಮೀನಿನ ದೇಹವೂ ಹೆಚ್ಚು ಆಮ್ಲಜನಕ ಕೇಳುತ್ತದೆ. ಊರಿನ ಚರಂಡಿಗಳಿಂದ ಬರುವ ಕೊಳಚೆಯಂತೂ ಬರಗಾಲವೆಂದು ಕಡಿಮೆಯಾಗುವುದಿಲ್ಲ. ನದಿಯ ಹರಿವು ಕಾಲುಭಾಗಕ್ಕೆ ಇಳಿದರೆ ಅದೇ ಕೊಳಚೆ ನಾಲ್ಕು ಪಟ್ಟು ದಟ್ಟವಾಗುತ್ತದೆ. ಕೊಳಚೆಯಿಂದ ಬರುವ ಅಮೋನಿಯಾದ ವಿಷಯ ಇನ್ನೂ ಕಠಿಣ. ಮೀನಿಗೆ ನಂಜಾಗುವುದು ಅಮೋನಿಯಾದ ಒಂದು ರೂಪ ಮಾತ್ರ. ಪಿಎಚ್ 8 ಇರುವ, ಅಂದರೆ ತುಸು ಕ್ಷಾರೀಯವಾದ ನೀರಿನಲ್ಲಿ ಆ ರೂಪದ ಪಾಲು 20 ಡಿಗ್ರಿಯಲ್ಲಿ ನೂರಕ್ಕೆ ನಾಲ್ಕರ ಆಸುಪಾಸು. 30 ಡಿಗ್ರಿಯಲ್ಲಿ ಅದರ ಎರಡರಷ್ಟು. ಹೊರಗಿನಿಂದ ಒಂದು ತೊಟ್ಟು ಹೊಸ ಮಲಿನವೂ ಸೇರದೆ ನೀರು ಎರಡು ಪಟ್ಟು ನಂಜಾಗಬಹುದು.

ಇವೆಲ್ಲ ಹೊಸ ವಿಜ್ಞಾನವಲ್ಲ. ಕೊಳಚೆ ಸೇರಿದ ನದಿಯಲ್ಲಿ ಆಮ್ಲಜನಕ ಹೇಗೆ ಕುಸಿದು ಹೇಗೆ ಚೇತರಿಸಿಕೊಳ್ಳುತ್ತದೆ ಎಂಬ ಸಮೀಕರಣವನ್ನು ಸ್ಟ್ರೀಟರ್ ಮತ್ತು ಫೆಲ್ಪ್ಸ್ ಎಂಬವರು ಅಮೆರಿಕದ ಒಹಾಯೊ ನದಿಯನ್ನು ಅಧ್ಯಯನ ಮಾಡಿ 1925ರಲ್ಲೇ ಕೊಟ್ಟರು. ಆ ಸಮೀಕರಣ ಕಲಿಸುವ ಒಂದು ಸಂಗತಿ ನಮಗೆ ಬಹಳ ಮುಖ್ಯ. ಆಮ್ಲಜನಕ ಅತಿ ಕಡಿಮೆಯಾಗುವ ಜಾಗ ಚರಂಡಿ ನದಿಗೆ ಸೇರುವ ಜಾಗವಲ್ಲ. ಅಲ್ಲಿಂದ ಎಷ್ಟೋ ಕೆಳಗೆ, ಕೊಳೆಯುವ ಕ್ರಿಯೆ ಜೋರಾಗಿರುವಲ್ಲಿ. ಹರಿವು ಮತ್ತು ಉಷ್ಣತೆ ಬದಲಾದಂತೆ ಆ ಜಾಗವೂ ಮೇಲೆ ಕೆಳಗೆ ಸರಿಯುತ್ತದೆ. ಶಿವಮೊಗ್ಗ ನಗರದ ಕೆಳಗೆ ಕೂಡ್ಲಿಯ ದಿಕ್ಕಿನಲ್ಲಿ ಡಿಸೆಂಬರಿನಲ್ಲಿ ಅತಿ ಕೆಟ್ಟ ಜಾಗ ಯಾವುದೋ ಏಪ್ರಿಲಿನಲ್ಲೂ ಅದೇ ಆಗಿರಬೇಕಿಲ್ಲ. ಒಂದೇ ಸೇತುವೆಯ ಬಳಿ ಬಾಟಲಿ ಮುಳುಗಿಸಿ ನೀರು ತೆಗೆದರೆ ಈ ಸಂಚಾರ ಕಾಣುವುದೇ ಇಲ್ಲ.

ಬಾಟಲಿಯ ಮಾತು ಬಂದದ್ದರಿಂದ ಮಾಲಿನ್ಯ ನಿಯಂತ್ರಣ ಮಂಡಳಿಯವರಲ್ಲಿ ವಿಶೇಷವಾಗಿ ಒಂದು ಬಿನ್ನಹ. ತಿಂಗಳಿಗೊಮ್ಮೆ ಹಗಲು ಹೊತ್ತಿನಲ್ಲಿ ತೆಗೆದ ನೀರಿನ ಮಾದರಿಯಿಂದ ನದಿಯ ವರ್ಗ ನಿರ್ಧಾರವಾಗುತ್ತದೆ: ಲೀಟರಿಗೆ 5 ಮಿಲಿಗ್ರಾಂ ಆಮ್ಲಜನಕವಿದ್ದರೆ ಸ್ನಾನಕ್ಕೆ ಯೋಗ್ಯ, 4 ಇದ್ದರೆ ಮೀನು ಮತ್ತು ವನ್ಯಜೀವಿಗಳಿಗೆ ಸಾಕು. ಆದರೆ ಹೊಳೆಯ ನೀರು ಅತಿ ಬಿಸಿಯಾಗುವುದು ಇಳಿಹೊತ್ತಿನಲ್ಲಿ. ಆಮ್ಲಜನಕ ಅತಿ ಕಡಿಮೆಯಾಗುವುದು ಬೆಳಗಿನ ಜಾವ, ಸೂರ್ಯ ಹುಟ್ಟುವ ಸ್ವಲ್ಪ ಮೊದಲು. ಹಗಲಿಡೀ ಆಮ್ಲಜನಕ ಕೊಟ್ಟ ಪಾಚಿಯೂ ನೀರಗಿಡಗಳೂ ರಾತ್ರಿ ಅದನ್ನೇ ತಿರುಗಿ ಎಳೆದುಕೊಳ್ಳುತ್ತವೆ. ಬೆಳಿಗ್ಗೆ ಹನ್ನೊಂದಕ್ಕೆ ತೆಗೆದ ಮಾದರಿ ಈ ಎರಡೂ ಕೆಟ್ಟ ಗಳಿಗೆಗಳ ನಡುವಿನ ನೆಮ್ಮದಿಯ ಹೊತ್ತಿನದು. ಪಾಚಿ ದಟ್ಟವಾಗಿದ್ದರೆ ಆ ಹೊತ್ತಿಗೆ ಆಮ್ಲಜನಕ ತುಂಬ ಚೆನ್ನಾಗಿಯೇ ಕಾಣುತ್ತದೆ. ವರದಿ ಸುಳ್ಳಾಗಿರುವುದಿಲ್ಲ, ಆದರೆ ಮೀನಿನ ರಾತ್ರಿ ಹೇಗಿತ್ತೆಂದು ಅದಕ್ಕೆ ತಿಳಿದಿರುವುದಿಲ್ಲ. ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ 2018ರಲ್ಲಿ ಗುರುತಿಸಿದ ಕರ್ನಾಟಕದ 17 ಮಲಿನ ನದಿಗಳಲ್ಲಿ ತುಂಗೆ, ಭದ್ರೆ, ತುಂಗಭದ್ರೆ ಮೂರೂ ಇದ್ದವು. ಹಗಲಿನ ಮಾದರಿಯಲ್ಲೇ ಈ ಸ್ಥಿತಿ ಕಂಡಿದ್ದರೆ ಬೆಳಗಿನ ಜಾವದ ಸ್ಥಿತಿಯನ್ನು ಊಹಿಸಲು ನನಗೆ ಭಯವಾಗುತ್ತದೆ.

ಇನ್ನು ಅಪಾಯದ ಲೆಕ್ಕ. ಹರಿವು ತೀರಾ ಕುಗ್ಗುವ ವಾರ ಹತ್ತು ವರ್ಷಕ್ಕೊಮ್ಮೆ ಬರುತ್ತದೆ, ತೀರಾ ಬಿಸಿಯಾದ ವಾರವೂ ಹತ್ತು ವರ್ಷಕ್ಕೊಮ್ಮೆ ಬರುತ್ತದೆ ಎಂದಿಟ್ಟುಕೊಳ್ಳಿ. ಇವೆರಡಕ್ಕೂ ಸಂಬಂಧವೇ ಇಲ್ಲದಿದ್ದರೆ ಒಂದೇ ವರ್ಷದಲ್ಲಿ ಎರಡೂ ಬರುವುದು ನೂರು ವರ್ಷಕ್ಕೊಮ್ಮೆ, ಒಂದೇ ವಾರದಲ್ಲಿ ಬರುವುದು ಇನ್ನೂ ಅಪರೂಪ. ಕಚೇರಿಯ ಟಿಪ್ಪಣಿಯಲ್ಲಿ ಆ ಅಂಕಿ ಸಮಾಧಾನ ಕೊಡಬಹುದು. ಆದರೆ ಮಲೆನಾಡಿನಲ್ಲಿ ಅವೆರಡೂ ಒಂದೇ ಮನೆಯಲ್ಲಿ ಹುಟ್ಟುತ್ತವೆ. ಹಿಂದಿನ ಮಳೆಗಾಲ ಕೈಕೊಟ್ಟರೆ ಗುಡ್ಡದ ಒರತೆಗಳು ಬೇಗ ಸೋಲುತ್ತವೆ. ಮಾರ್ಚ್‌-ಏಪ್ರಿಲಿನ ಗುಡುಗು ಮಳೆ ಬಾರದಿದ್ದರೆ ಮೋಡವೂ ಇಲ್ಲ, ಮಣ್ಣಿನಲ್ಲಿ ಪಸೆಯೂ ಇಲ್ಲ. ಪಸೆಯಿಲ್ಲದ ನೆಲ ಆರಿ ತಂಪಾಗುವುದಿಲ್ಲ, ಗಾಳಿಯನ್ನೇ ಕಾಯಿಸುತ್ತದೆ. ಅದೇ ವಾರ ಎಲ್ಲ ತೋಟಗಳಿಗೂ ನೀರು ಬೇಕು, ಎಲ್ಲ ಪಂಪುಗಳೂ ಒಟ್ಟಿಗೆ ಓಡುತ್ತವೆ. ಹೀಗೆ ಮೂರು ಕೆಡುಕುಗಳು ಕೈಹಿಡಿದುಕೊಂಡು ಬರುವಾಗ ನೂರು ವರ್ಷಕ್ಕೊಮ್ಮೆ ಎಂಬ ಲೆಕ್ಕ ನಿಲ್ಲುವುದಿಲ್ಲ. ಅವುಗಳ ಜೊತೆಗಾರಿಕೆಯನ್ನೇ ಅಳೆಯಬೇಕು. ಹರಿವಿನ ಸಂಭವನೀಯತೆ ಒಂದು ಕಡತದಲ್ಲಿ, ತಾಪಮಾನದ್ದು ಇನ್ನೊಂದು ಕಡತದಲ್ಲಿ ಇದ್ದರೆ ಅದು ಸಾಧ್ಯವಿಲ್ಲ.

ಪಂಪಿನ ವಿಷಯವನ್ನು ಬಿಡಿಸಿಯೇ ಹೇಳಬೇಕು. ಐದು ಎಚ್‌ಪಿ ಮೋಟಾರು ಹೊಳೆಯಿಂದ ಇಪ್ಪತ್ತು ಮೀಟರ್ ಎತ್ತರದ ತೋಟಕ್ಕೆ ನೀರೆತ್ತುವಾಗ ಸಾಧಾರಣ ದಕ್ಷತೆಯಲ್ಲಿ ಸೆಕೆಂಡಿಗೆ ಒಂಬತ್ತು ಹತ್ತು ಲೀಟರ್ ಎಳೆಯುತ್ತದೆ. ಒಂದು ಕ್ಯುಸೆಕ್ ಎಂದರೆ ಸೆಕೆಂಡಿಗೆ 28 ಲೀಟರಿಗೆ ತುಸು ಹೆಚ್ಚು. ಅಂದರೆ ಅಂಥ ಮೂರು ಪಂಪುಗಳು ಸೇರಿದರೆ ಒಂದು ಕ್ಯುಸೆಕ್. ಮುನ್ನೂರು ಪಂಪುಗಳು ಒಂದೇ ಹೊತ್ತಿಗೆ ಓಡಿದರೆ ನೂರು ಕ್ಯುಸೆಕ್. ಮಳೆಗಾಲದ ತುಂಗೆಗೆ ಇದು ಲೆಕ್ಕಕ್ಕೇ ಇಲ್ಲ. ಮೇ ತಿಂಗಳ ಕಲ್ಲುಬಂಡೆಗಳ ನಡುವಿನ ತುಂಗೆಗೆ ಇದೇ ಸಾವು ಬದುಕಿನ ಪ್ರಶ್ನೆ. ಯಾವ ತೋಟದವನು ಎಷ್ಟು ಎಳೆದ ಎಂದು ಮನೆ ಮನೆಗೆ ಹೋಗಿ ಕೇಳುವ ಅಗತ್ಯವಿಲ್ಲ. ಹತ್ತು ಎಚ್‌ಪಿವರೆಗೆ ಕೃಷಿ ವಿದ್ಯುತ್ ಉಚಿತವಾದ್ದರಿಂದ ಮನೆಯ ಬಿಲ್ಲಿನಲ್ಲಿ ಅದು ಕಾಣುವುದೂ ಇಲ್ಲ. ಆದರೆ ಯಾವ ಫೀಡರಿನಲ್ಲಿ, ಅಂದರೆ ಊರುಗಳಿಗೆ ಕರೆಂಟು ಒಯ್ಯುವ ಯಾವ ತಂತಿಮಾರ್ಗದಲ್ಲಿ, ಯಾವ ಹೊತ್ತಿಗೆ ಎಷ್ಟು ಹೊರೆ ಬಿತ್ತು ಎಂಬ ಲೆಕ್ಕ ವಿದ್ಯುತ್ ಸರಬರಾಜು ಕಂಪನಿಯಾದ ಮೆಸ್ಕಾಂ ಬಳಿ ಇರುತ್ತದೆ. ಹೊಳೆದಂಡೆಯ ಫೀಡರುಗಳ ಕೃಷಿ ಹೊರೆಯನ್ನು ಮುನ್ಸೂಚನೆ ಲೆಕ್ಕ ಹಾಕುವ ಗಣಕ ಮಾದರಿಗೆ (ಮಾಡೆಲ್) ಕೊಟ್ಟರೆ ನದಿಯಿಂದ ಹೊರಟ ನೀರಿನ ಅಂದಾಜು ಸಾಕಷ್ಟು ಚೆನ್ನಾಗಿ ಸಿಗುತ್ತದೆ. ಈ ಮಾಹಿತಿಯನ್ನು ಬೆಳೆಗಾರರ ಮೇಲೆ ಕೇಸು ಹಾಕಲು ಬಳಸುವುದಿಲ್ಲ ಎಂದು ಜಿಲ್ಲಾಡಳಿತ ಮೊದಲೇ ಬರೆದುಕೊಡಬೇಕು. ಇಲ್ಲದಿದ್ದರೆ ನಮ್ಮವರು ನಂಬುವುದಿಲ್ಲ, ನಂಬದಿರುವುದು ತಪ್ಪೂ ಅಲ್ಲ.

ಎರಡು ನದಿಗಳೂ ವರಾಹ ಪರ್ವತದ ಒಂದೇ ಗಂಗಾಮೂಲದಲ್ಲಿ ಹುಟ್ಟಿದರೂ ಬೇಸಿಗೆಯಲ್ಲಿ ಅವುಗಳ ಹಣೆಬರಹ ಬೇರೆ ಬೇರೆ. ಒಂದೇ ಮಾದರಿಯನ್ನು ಎರಡಕ್ಕೂ ಅಂಟಿಸುವ ಆತುರ ಬೇಡವೆಂದು ಕೇಳಿಕೊಳ್ಳುತ್ತೇನೆ.

ಭದ್ರೆಗೆ ಲಕ್ಕವಳ್ಳಿಯಲ್ಲಿ 71.5 ಟಿಎಂಸಿ ಹಿಡಿಯುವ ಜಲಾಶಯವಿದೆ. ಅದರ ಕೆಳಗಿನ ನದಿಯ ಬೇಸಿಗೆ ಹರಿವು ಮುಖ್ಯವಾಗಿ ಮನುಷ್ಯರ ತೀರ್ಮಾನ. ನಾಲೆಗಳಿಗೆ ಎಷ್ಟು, ನದಿಗೆ ಎಷ್ಟು, ಯಾವ ತಾರೀಖಿನಿಂದ ಯಾವ ತಾರೀಖಿನವರೆಗೆ ಎಂಬುದನ್ನು ಸಭೆಯಲ್ಲಿ ಕುಳಿತು ನಿಶ್ಚಯಿಸುತ್ತೀರಿ. ಆಳವಾದ ಜಲಾಶಯದಲ್ಲಿ ಬೇಸಿಗೆಗೆ ಮೇಲ್ಪದರ ಬಿಸಿ, ತಳ ತಂಪು. ಯಾವ ಮಟ್ಟದ ತೂಬಿನಿಂದ ನೀರು ಹೊರಬರುತ್ತದೆ ಎಂಬುದರ ಮೇಲೆ ಭದ್ರಾವತಿಗೆ ತಲುಪುವ ನೀರಿನ ಗುಣ ನಿಂತಿದೆ. ತಳದ ನೀರು ತಂಪಾಗಿದ್ದರೂ ಆಮ್ಲಜನಕ ಕಡಿಮೆಯಿರಬಹುದು; ಕಲ್ಲುಗಳ ಮೇಲೆ ಹಾರಿ ನೊರೆಯಾಗಿ ಹರಿದ ಮೇಲೆ ಅದು ಗಾಳಿಯಿಂದ ಪಡೆದುಕೊಳ್ಳುತ್ತದೆ. ಇಲ್ಲಿ ಮಾದರಿ ಉತ್ತರಿಸಬೇಕಾದ ಪ್ರಶ್ನೆ ಸ್ಪಷ್ಟ: ಇಷ್ಟು ಕ್ಯುಸೆಕ್ ಬಿಟ್ಟರೆ ಹೊಳೆಹೊನ್ನೂರಿನಲ್ಲಿ ಮುಂದಿನ ವಾರ ನೀರಿನ ಉಷ್ಣತೆ ಎಷ್ಟು, ಬೆಳಗಿನ ಜಾವದ ಆಮ್ಲಜನಕ ಎಷ್ಟು?

ತುಂಗೆಗೆ ಆ ಭಾಗ್ಯವಿಲ್ಲ. ಗಾಜನೂರಿನಲ್ಲಿ ಹಿಡಿಯುವುದು 3.24 ಟಿಎಂಸಿ ಮಾತ್ರ, ಅದೂ ಶಿವಮೊಗ್ಗ ನಗರಕ್ಕಿಂತ ಸ್ವಲ್ಪವೇ ಮೇಲೆ. ಶೃಂಗೇರಿಯಿಂದ ತೀರ್ಥಹಳ್ಳಿ, ಮಂಡಗದ್ದೆಯವರೆಗಿನ ತುಂಗೆಗೆ ಕಷ್ಟ ಬಂದರೆ ತೆರೆಯಲು ಯಾವ ಗೇಟೂ ಇಲ್ಲ. ಬೇಸಿಗೆಯಲ್ಲಿ ಅಲ್ಲಿ ಹರಿಯುವುದು ಕಾಡಿನ ಮಣ್ಣು ಹಿಡಿದಿಟ್ಟುಕೊಂಡು ಒರತೆಯಾಗಿ ಬಿಟ್ಟುಕೊಟ್ಟ ನೀರು. ಆ ನೀರಿಗೆ ಇನ್ನೊಂದು ಗುಣವಿದೆ: ನೆಲದೊಳಗಿನಿಂದ ಬರುವುದರಿಂದ ಏಪ್ರಿಲಿನ ನಡುಹಗಲಿಗಿಂತ ಎಷ್ಟೋ ತಂಪು. ಒರತೆ ಸೇರುವ ಮಡುವಿನಲ್ಲಿ ಮೀನುಗಳು ಗುಂಪುಗೂಡುವುದು ಇದಕ್ಕೇ. ದಂಡೆಯ ಹೊಳೆಮತ್ತಿ, ನೇರಳೆ, ಅತ್ತಿ, ಹೊಂಗೆ ಮರಗಳ ನೆರಳು ಇನ್ನೊಂದು ಆಸರೆ. ಆದ್ದರಿಂದ ಮೇಲಿನ ತುಂಗೆಯಲ್ಲಿ ನಮ್ಮ ಕೈಯಲ್ಲಿರುವುದು ಮೂರೇ: ಪಂಪು ಓಡುವ ಹೊತ್ತು, ದಂಡೆಯ ನೆರಳು, ಊರುಗಳ ಕೊಳಚೆ. ದಂಡೆಗಳನ್ನು ಚೆಂದಗೊಳಿಸುವ ಕಾಮಗಾರಿಗಳಿಗೆ ಮರ ಕಡಿದು ಕಾಂಕ್ರೀಟು ಹಾಕುವಾಗ ಆ ನೆರಳು ನೀರನ್ನು ಎಷ್ಟು ಡಿಗ್ರಿ ತಂಪಾಗಿ ಇಟ್ಟಿತ್ತೆಂದು ಯಾರೂ ಕೇಳುವುದಿಲ್ಲ. ಮಾದರಿಯಿದ್ದರೆ ಕೇಳಬಹುದು; ಒಂದು ಹರವಿನ ಮರಗಳನ್ನು ಲೆಕ್ಕದಿಂದ ತೆಗೆದು ಮತ್ತೆ ಓಡಿಸಿದರೆ ಉತ್ತರ ಕಾಗದದ ಮೇಲಿರುತ್ತದೆ. ಮರ ಉರುಳಿದ ಮೇಲೆ ಕಲಿಯುವ ಪಾಠಕ್ಕಿಂತ ಅದು ಸಾವಿರ ಪಾಲು ಮೇಲು.

ಈ ಹರವಿನಲ್ಲೇ ನಮ್ಮ ದೇವರ ಮೀನುಗಳಿರುವುದು. ಶೃಂಗೇರಿಯ ಶಾರದಾ ದೇಗುಲದ ಮೆಟ್ಟಿಲ ಬಳಿ, ತೀರ್ಥಹಳ್ಳಿಯ ಹತ್ತಿರ ಚಿಬ್ಬಲಗುಡ್ಡೆಯಲ್ಲಿ, ಬಲೆ ಬೀಸದೆ ಜನ ತಲೆಮಾರುಗಳಿಂದ ಕಾಯ್ದುಕೊಂಡು ಬಂದ ಮಹಶೀರ್‌ಗಳು. ಮುರುಗೋಡಿನಂಥ ಮೀನು ನೀರಿನ ಮೇಲೆ ಮೂತಿಯಿಟ್ಟು ಗಾಳಿಯನ್ನೇ ಕುಡಿದು ಒಂದಷ್ಟು ದಿನ ತಳ್ಳಬಲ್ಲದು. ಮಹಶೀರ್‌ಗೆ ಆ ಉಪಾಯವಿಲ್ಲ, ಅದು ಹರಿಯುವ, ಆಮ್ಲಜನಕ ತುಂಬಿದ ನೀರಿನ ಜೀವ. ರಕ್ಷಣೆ ಸಿಕ್ಕ ಮಡುಗಳಲ್ಲಿ ಅವು ಒತ್ತೊತ್ತಾಗಿ ಸೇರಿರುತ್ತವೆ. ಭಕ್ತರು ಎರಚಿದ ಮಂಡಕ್ಕಿಯಲ್ಲಿ ತಿಂದುಳಿದದ್ದು ಅಲ್ಲೇ ಕೊಳೆಯುತ್ತದೆ. ಹರಿವು ನಿಂತ ಬಿಸಿ ವಾರದಲ್ಲಿ ನಮ್ಮ ಪ್ರೀತಿಯ ಈ ಮಡುಗಳೇ ಮೊದಲು ಅಪಾಯಕ್ಕೆ ಸಿಲುಕುವ ಜಾಗಗಳಾಗುತ್ತವೆ. ಇಲ್ಲಿ ಅಪಾಯದ ಗೆರೆ ಎಷ್ಟು ಡಿಗ್ರಿಗೆ ಎಳೆಯಬೇಕು? ಚಳಿದೇಶದ ಟ್ರೌಟ್ ಮೀನಿಗೆ ಎಳೆದ ಗೆರೆಯನ್ನು ತಂದು ಹಾಕಿದರೆ ನಮ್ಮ ನದಿ ವರ್ಷವಿಡೀ ಅಪಾಯದಲ್ಲೇ ಕಾಣುತ್ತದೆ, ಮುನ್ಸೂಚನೆಯನ್ನು ಯಾರೂ ಲೆಕ್ಕಿಸುವುದಿಲ್ಲ. ಗೆರೆಯನ್ನು ಇಲ್ಲಿಯ ಮೀನು, ಏಡಿ, ಸಿಗಡಿಗಳನ್ನು ನೋಡಿಯೇ ನಿಗದಿ ಮಾಡಬೇಕು. ಅದಕ್ಕೆ ಮೀನುಗಾರಿಕೆ ಇಲಾಖೆಯವರೂ ಶಂಕರಘಟ್ಟದ ಕುವೆಂಪು ವಿಶ್ವವಿದ್ಯಾಲಯದವರೂ ಜೊತೆಗೂಡಬೇಕು.

ಮಾದರಿ ಕಟ್ಟುವುದು ಎಷ್ಟು ದೊಡ್ಡ ಕೆಲಸವೆಂಬ ಅಂಜಿಕೆ ನಿಮ್ಮಲ್ಲಿರಬಹುದು. ನದಿಯನ್ನು ತುಂಡು ತುಂಡಾಗಿ ನೋಡಿ, ಪ್ರತಿ ತುಂಡಿಗೂ ಒಳಬಂದ ನೀರು, ಹೊರಹೋದ ನೀರು, ಬಿಸಿಲಿನಿಂದ ಸೇರಿದ ಶಾಖ, ಆವಿಯಾಗುವಾಗ ಕಳೆದ ಶಾಖ, ಗಾಳಿಗೂ ತಳದ ಕಲ್ಲಿಗೂ ಕೊಟ್ಟು ತೆಗೆದುಕೊಂಡ ಶಾಖ, ಒರತೆ ತಂದ ತಂಪು ಇವನ್ನು ಗಂಟೆಗೊಮ್ಮೆ ಲೆಕ್ಕ ಹಾಕುತ್ತ ಹೋಗುವುದು ಅದರ ಒಟ್ಟು ಕೆಲಸ. ಇದಕ್ಕೆ ಉಚಿತವಾಗಿ ಸಿಗುವ, ಜಗತ್ತಿನಾದ್ಯಂತ ಬಳಕೆಯಲ್ಲಿರುವ ತಂತ್ರಾಂಶಗಳಿವೆ. ಬೇಕಾದ ಮಾಹಿತಿಯ ಬಹುಪಾಲು ಈಗಾಗಲೇ ಸರ್ಕಾರದ ಬಳಿಯೇ ಇದೆ. ಶಿವಮೊಗ್ಗ, ಹೊಳೆಹೊನ್ನೂರು, ಹೊನ್ನಾಳಿಗಳಲ್ಲಿ ಕೇಂದ್ರ ಜಲ ಆಯೋಗದ ಹರಿವು ಮಾಪನ ಕೇಂದ್ರಗಳ ದಾಖಲೆಯಿದೆ. ಹವಾಮಾನ ಇಲಾಖೆಯ ಬಳಿ 1901ರಿಂದ ಮಳೆಯ, 1951ರಿಂದ ಉಷ್ಣಾಂಶದ ಚೌಕಚೌಕವಾಗಿ ವಿಂಗಡಿಸಿದ ದತ್ತಾಂಶವಿದೆ. ವಿಕೋಪ ಉಸ್ತುವಾರಿ ಕೇಂದ್ರದ ಮಳೆಮಾಪಕಗಳು ಗ್ರಾಮ ಪಂಚಾಯಿತಿ ಮಟ್ಟದವರೆಗೂ ಇವೆ. ಕೊರತೆಯಿರುವುದು ಗಂಟೆಗಂಟೆಯ ನೀರಿನ ಉಷ್ಣತೆ ಮತ್ತು ಆಮ್ಲಜನಕದ ದಾಖಲೆಯದು. ನೀರಿನಡಿ ಕಟ್ಟಿಟ್ಟರೆ ತಿಂಗಳುಗಟ್ಟಲೆ ತಾನೇ ಉಷ್ಣತೆ ಬರೆದುಕೊಳ್ಳುವ ಹೆಬ್ಬೆರಳು ಗಾತ್ರದ ಉಪಕರಣಕ್ಕೆ ಒಂದು ಸಾಧಾರಣ ಮೊಬೈಲ್ ಫೋನಿನ ಬೆಲೆಗಿಂತ ಹೆಚ್ಚಾಗುವುದಿಲ್ಲ. ಆಮ್ಲಜನಕದ ಉಪಕರಣ ದುಬಾರಿ, ನಿಗಾ ಹೆಚ್ಚು ಬೇಕು. ಅದನ್ನು ಶಿವಮೊಗ್ಗದ ಕೆಳಗೆ, ಭದ್ರಾವತಿಯ ಕೆಳಗೆ, ಚಿಬ್ಬಲಗುಡ್ಡೆಯಲ್ಲಿ ಇಟ್ಟರೆ ಆರಂಭಕ್ಕೆ ಸಾಕು.

ಕಟ್ಟಿದ ಮಾದರಿಯನ್ನು ಮಾತ್ರ ಕಣ್ಣುಮುಚ್ಚಿ ನಂಬಬೇಡಿ. ಬೇರೆ ವರ್ಷಗಳ ದಾಖಲೆಯಿಂದ ಅದನ್ನು ಪಳಗಿಸಿ, 2016ರ ಮತ್ತು 2023ರ ಬರಗಳ ನಂತರದ ಬೇಸಿಗೆಗಳ ಹರಿವನ್ನು ಅದು ತಾನಾಗಿ ಸರಿಯಾಗಿ ಹೇಳುತ್ತದೆಯೇ ನೋಡಿ. 2023ರಲ್ಲಿ ರಾಜ್ಯದ 236 ತಾಲ್ಲೂಕುಗಳಲ್ಲಿ 223ನ್ನು ಬರಪೀಡಿತವೆಂದು ಘೋಷಿಸಬೇಕಾಯಿತು. ಅಂಥ ವರ್ಷದಲ್ಲಿ ಎಡವುವ ಮಾದರಿ ನಮಗೆ ಉಪಯೋಗವಿಲ್ಲ, ಒಳ್ಳೆಯ ಮಳೆಯ ವರ್ಷಗಳಲ್ಲಿ ಅದು ಎಷ್ಟೇ ಚೆನ್ನಾಗಿ ಹೊಂದಲಿ. ಉಷ್ಣತೆಯ ಭಾಗವನ್ನು ಮುಂದಿನ ಬೇಸಿಗೆಯ ಅಳತೆಯ ಎದುರಿಗೆ ಒರೆಹಚ್ಚಿ. ಮುನ್ಸೂಚನೆ ಎರಡು ಬಗೆಯಲ್ಲಿ ತಪ್ಪಬಹುದು: ಬಾರದ ಅಪಾಯವನ್ನು ಹೇಳಬಹುದು, ಬಂದ ಅಪಾಯವನ್ನು ಹೇಳದಿರಬಹುದು. ಮೊದಲನೆಯದರಲ್ಲಿ ಸ್ವಲ್ಪ ನೀರು ವ್ಯರ್ಥವಾದಂತೆ ಕಂಡೀತು. ಎರಡನೆಯದರಲ್ಲಿ ಹೋಗುವ ಮೀನಿನ ಸಂತತಿಯನ್ನು ಮರಳಿ ತರಲಾಗದು. ಇವುಗಳ ನಡುವೆ ಎಲ್ಲಿ ನಿಲ್ಲಬೇಕೆಂಬುದನ್ನು ಯಂತ್ರಕ್ಕೆ ಬಿಡದೆ ನೀವು ಬಹಿರಂಗವಾಗಿ ತೀರ್ಮಾನಿಸಬೇಕು.

ಮುನ್ಸೂಚನೆ ಬಂದ ಮೇಲೆ ಏನು ಮಾಡಬಹುದು ಎಂಬುದಕ್ಕೆ ಅಮೆರಿಕದ ಕ್ಲಾಮತ್ ನದಿಯ ಕಥೆ ನನಗೆ ಸದಾ ನೆನಪಾಗುತ್ತದೆ. 2002ರ ಸೆಪ್ಟೆಂಬರಿನಲ್ಲಿ ಕ್ಯಾಲಿಫೋರ್ನಿಯಾದ ಆ ನದಿಯ ಕೆಳಭಾಗದಲ್ಲಿ, ಸಮುದ್ರದಿಂದ ಮೊಟ್ಟೆಯಿಡಲು ಮೇಲೇರುತ್ತಿದ್ದ ಸಾಲ್ಮನ್ ಮೀನುಗಳು ಸರ್ಕಾರಿ ಅಂದಾಜಿನಂತೆ ಕನಿಷ್ಠ 34,000 ಸತ್ತವು. ಹರಿವು ಕಡಿಮೆ, ನೀರು ಬಿಸಿ, ಮೀನು ಒತ್ತೊತ್ತು. ಕಿವಿರಿಗೆ ತಗಲುವ ರೋಗಗಳು ಕಾಡ್ಗಿಚ್ಚಿನ ವೇಗದಲ್ಲಿ ಹಬ್ಬಿದವು. ಅಲ್ಲಿಯೂ ನೀರು ರೈತರಿಗೋ ಮೀನಿಗೋ ಎಂಬ ಕಹಿ ಜಗಳ ನಡೆದೇ ಇತ್ತು. ಆ ಬಳಿಕ ಒಣ ವರ್ಷಗಳಲ್ಲಿ ಉಪನದಿ ಟ್ರಿನಿಟಿಯ ಅಣೆಕಟ್ಟಿನಿಂದ ಬೇಸಿಗೆಯ ಕೊನೆಗೆ ಮುಂಜಾಗ್ರತೆಯಾಗಿ ಹೆಚ್ಚುವರಿ ನೀರು ಬಿಡುವ ಪದ್ಧತಿ ಬಂತು. ಅಷ್ಟು ಮೀನು ಸತ್ತ ಮೇಲೆ ಬಂತು ಎಂಬುದೇ ನನ್ನ ಸಂಕಟ. ನಮಗೆ ಅದೇ ಕ್ರಮ ಬೇಕಿಲ್ಲ.

ನಮ್ಮಲ್ಲಿ ಹಾಗೆ ನೀರು ಬಿಡುವ ದಾರಿ ಈಗಲೇ ಇದೆ. ಹಾವೇರಿ, ಗದಗ ಕಡೆಯ ಊರುಗಳ ಕುಡಿಯುವ ನೀರಿಗಾಗಿ ಬೇಸಿಗೆಯಲ್ಲಿ ಭದ್ರಾ ಜಲಾಶಯದಿಂದ ನದಿಗೆ ನೀರು ಹರಿಸುತ್ತೀರಿ. ಆ ನೀರು ಹೇಗೂ ಹರಿಯಲೇಬೇಕು. ಕೆಳಗಿನ ಊರುಗಳಿಗೆ ತಲುಪುವ ಒಟ್ಟು ಮೊತ್ತವನ್ನು ಮುಟ್ಟದೆ, ಅದು ಹೊರಡುವ ದಿನವನ್ನೂ ಪ್ರಮಾಣವನ್ನೂ ಅತಿ ಬಿಸಿ ವಾರಕ್ಕೆ ಹೊಂದಿಸಿದರೆ ಭದ್ರಾವತಿಯಿಂದ ಕೂಡ್ಲಿಯವರೆಗಿನ ನದಿಗೆ ಅದೇ ಜೀವದಾನ. ಹೆಚ್ಚುವರಿ ಒಂದು ಟಿಎಂಸಿಯನ್ನೂ ನಾನು ಕೇಳುತ್ತಿಲ್ಲ. ಕ್ಯಾಲೆಂಡರ್ ನೋಡಿ ಬಿಡುವ ನೀರನ್ನು ನದಿ ನೋಡಿ ಬಿಡಿ ಎನ್ನುತ್ತಿದ್ದೇನೆ. ಹೀಗೆ ಹೊಂದಿಸುವ ಸೂತ್ರವನ್ನು ಬೇಸಿಗೆ ಬೆಳೆಯ ನೀರು ಹಂಚಿಕೆಗೆ ಕೂರುವ ಸಲಹಾ ಸಮಿತಿಯ ಸಭೆಯಲ್ಲೇ ಬರೆದಿಡಬೇಕು. ಬಿಕ್ಕಟ್ಟಿನ ಮಧ್ಯೆ ಸಭೆ ಕರೆದರೆ ದಾವಣಗೆರೆಯವರ ಮಾತು, ಶಿವಮೊಗ್ಗದವರ ಮಾತು, ರಾಜಕೀಯದ ಮಾತು ಇವುಗಳ ನಡುವೆ ಆ ವಾರವೇ ಕಳೆದುಹೋಗುತ್ತದೆ. ಮೇಲಿನ ತುಂಗೆಗೂ ಹಾಗೆಯೇ: ಎಚ್ಚರಿಕೆಯ ವಾರದಲ್ಲಿ ತ್ರೀಫೇಸ್ ವಿದ್ಯುತ್ತನ್ನು ಹೊಳೆದಂಡೆಯ ಫೀಡರುಗಳಿಗೆ ಸರದಿಯಲ್ಲಿ ಕೊಟ್ಟರೆ ಎಲ್ಲ ಪಂಪುಗಳೂ ಒಂದೇ ಹೊತ್ತಿಗೆ ಎಳೆಯುವುದು ತಪ್ಪುತ್ತದೆ. ಸರದಿಯ ವೇಳಾಪಟ್ಟಿ ಒಂದು ವಾರ ಮೊದಲು ಸಿಕ್ಕಿದರೆ ತೋಟದವರು ಹೊಂದಿಕೊಳ್ಳುತ್ತಾರೆ. ಮುನ್ಸೂಚನೆಯಿಲ್ಲದೆ ಕರೆಂಟು ತೆಗೆದರೆ ಯಾರೂ ಸಹಿಸುವುದಿಲ್ಲ.

ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2017ರಲ್ಲಿ, ನದಿಗಳಲ್ಲಿ ಬೇಸಿಗೆಯ ಸರಾಸರಿ ಹರಿವಿನ ಕನಿಷ್ಠ ಶೇಕಡಾ 15ರಿಂದ 20ರಷ್ಟನ್ನಾದರೂ ಉಳಿಸಬೇಕೆಂದು ಹೇಳಿತು. ಗಂಗಾ ನದಿಗೆ 2018ರಲ್ಲಿ ಋತುವಾರು ಪರಿಸರ ಹರಿವಿನ, ಅಂದರೆ ನದಿಯ ಜೀವಕ್ಕಾಗಿ ಬಿಡಲೇಬೇಕಾದ ಹರಿವಿನ, ಅಧಿಸೂಚನೆಯೂ ಬಂತು. ಇವು ಒಳ್ಳೆಯ ಹೆಜ್ಜೆಗಳು. ಆದರೆ ಶೇಕಡಾವಾರು ಹರಿವಿಗೆ ಬಿಸಿಯ ಅರಿವಿಲ್ಲ. ಮೋಡ ಕವಿದ ವಾರದಲ್ಲಿ ಸಾಕಾಗುವ ಶೇಕಡಾ 20, ಗಾಳಿಯಾಡದ ನಲವತ್ತು ಡಿಗ್ರಿಯ ವಾರದಲ್ಲಿ ಸಾಕಾಗದೆ ಹೋಗಬಹುದು.

ಜನರಿಗೇ ನೀರಿಲ್ಲದಿರುವಾಗ ಮೀನಿಗೆಲ್ಲಿಂದ ತರುವುದು ಎಂದು ಕೇಳುವವರಿದ್ದಾರೆ. ಅವರಿಗೆ ನನ್ನ ಉತ್ತರ ಚಿಕ್ಕದು. ಶಿವಮೊಗ್ಗದ ನಲ್ಲಿಗಳಿಗೆ ಬರುವುದೂ ತುಂಗೆಯ ನೀರೇ. ಬಿಸಿಯಾಗಿ ನಿಂತು ಪಾಚಿಗಟ್ಟಿದ ನೀರನ್ನು ಶುದ್ಧೀಕರಿಸುವುದು ಕಷ್ಟ, ಖರ್ಚು ಹೆಚ್ಚು, ವಾಸನೆ ಪೂರ್ತಿ ಹೋಗುವುದಿಲ್ಲ. ಹೊಳೆಯನ್ನೇ ನೇರವಾಗಿ ಬಳಸುವ ಹಳ್ಳಿಗಳಿಗೆ ಆ ಶುದ್ಧೀಕರಣವೂ ಇಲ್ಲ. ಮೀನಿಗೆ ಹೊಂದದ ನೀರು ಅವರ ಕೊಡಕ್ಕೂ ಬರುತ್ತದೆ.

ಮುನ್ಸೂಚನೆಯ ರೂಪದ ಬಗ್ಗೆಯೂ ಒಂದು ಮಾತು. ಫೆಬ್ರವರಿಯಿಂದ ಮುಂಗಾರು ಕಟ್ಟುವವರೆಗೆ, ಅಂದರೆ ಆರಿದ್ರಾ ಮಳೆಯ ಹೊತ್ತಿನವರೆಗೆ, ವಾರಕ್ಕೊಂದು ಪುಟ ಕನ್ನಡದಲ್ಲಿ ಬರಲಿ. ಶೃಂಗೇರಿ, ತೀರ್ಥಹಳ್ಳಿ, ಮಂಡಗದ್ದೆ, ಗಾಜನೂರಿನ ಕೆಳಗೆ, ಶಿವಮೊಗ್ಗ, ಭದ್ರಾವತಿ, ಹೊಳೆಹೊನ್ನೂರು, ಕೂಡ್ಲಿ: ಪ್ರತಿ ಜಾಗಕ್ಕೂ ನಿರೀಕ್ಷಿತ ಹರಿವು, ಇಳಿಹೊತ್ತಿನ ಉಷ್ಣತೆ, ಬೆಳಗಿನ ಜಾವದ ಆಮ್ಲಜನಕ, ಎಷ್ಟು ಖಚಿತ ಎಂಬುದು. ಪಂಚಾಯಿತಿ ಫಲಕದಲ್ಲಿ, ಆಕಾಶವಾಣಿ ಭದ್ರಾವತಿಯಲ್ಲಿ, ದಿನಪತ್ರಿಕೆಗಳ ಜಲಾಶಯ ಮಟ್ಟದ ಪಟ್ಟಿಯ ಪಕ್ಕದಲ್ಲಿ ಅದು ಬರಲಿ. ಹಿಂದಿನ ವಾರ ಹೇಳಿದ್ದು ಎಷ್ಟು ಸರಿಯಾಯಿತು ಎಂಬುದೂ ಅದೇ ಪುಟದಲ್ಲಿರಲಿ. ಮೊದಲ ದೊಡ್ಡ ಮಳೆಯ ದಿನಗಳಿಗೆ ವಿಶೇಷ ಎಚ್ಚರಿಕೆ ಬೇಕು: ಬೇಸಿಗೆಯಿಡೀ ದಂಡೆಯಲ್ಲೂ ಚರಂಡಿಯಲ್ಲೂ ಶೇಖರವಾದ ಕೊಳೆಯನ್ನು ಆ ಮಳೆ ಒಮ್ಮೆಗೇ ಸೊರಗಿದ ಹೊಳೆಗೆ ತಂದು ಸುರಿಯುತ್ತದೆ, ಮಡುಗಳ ತಳದ ಉಸಿರಿಲ್ಲದ ನೀರನ್ನು ಮೇಲಕ್ಕೆ ಕಲಕುತ್ತದೆ. ಹತ್ತುಮೀನು ಹಳ್ಳ ಗದ್ದೆಗಳ ಕಡೆ ಮೇಲೇರಲು ಹೊರಡುವುದೂ ಅದೇ ದಿನಗಳಲ್ಲಿ. ಮಳೆ ಬಂತಲ್ಲ, ಇನ್ನೇನು ಎಂದು ಎಲ್ಲರೂ ನಿರಾಳರಾಗುವ ಹೊತ್ತಿನಲ್ಲೇ ಮೊಟ್ಟೆ ಹೊತ್ತ ಮೀನುಗಳು ಸಾಯಬಹುದು.

2024ರ ನವೆಂಬರಿನಲ್ಲಿ ನಿರ್ಮಲ ತುಂಗಭದ್ರಾ ಅಭಿಯಾನದ ಪಾದಯಾತ್ರೆ ಶೃಂಗೇರಿಯಿಂದ ಹೊರಟಾಗ ದಾರಿಯುದ್ದಕ್ಕೂ ಜನ ಜೊತೆಗೂಡಿದರು. ನದಿಯ ಬಗ್ಗೆ ಕಾಳಜಿಯುಳ್ಳವರಿಗೆ ಈ ಸೀಮೆಯಲ್ಲಿ ಕೊರತೆಯಿಲ್ಲ. ಸೇತುವೆಗಳ ಬಳಿ ಉಷ್ಣತೆ ಓದುವ ಕೆಲಸಕ್ಕೆ ಪ್ರೌಢಶಾಲೆಗಳ ವಿಜ್ಞಾನ ಶಿಕ್ಷಕರೂ ಮಕ್ಕಳೂ ಬರುತ್ತಾರೆ. ಅವರಿಗೆ ಬೇಕಾದದ್ದು ಒಂದು ಆದೇಶ, ಒಂದು ಉಪಕರಣ, ಬರೆದದ್ದನ್ನು ಕಳುಹಿಸಲು ಒಂದು ವಿಳಾಸ.

ಆದ್ದರಿಂದ ಕೇಳುತ್ತೇನೆ: ಈ ಮಳೆಗಾಲ ಮುಗಿಯುವ ಮೊದಲು, ದಸರಾ ಕಳೆದ ಕೂಡಲೇ, ಮೇಲೆ ಹೆಸರಿಸಿದ ಎಲ್ಲ ಇಲಾಖೆಗಳನ್ನೂ ಮೆಸ್ಕಾಂ ಅನ್ನೂ ಒಂದು ಮೇಜಿನ ಸುತ್ತ ಕರೆಯಿರಿ. ಡಿಸೆಂಬರ್ ಹೊತ್ತಿಗೆ ಉಪಕರಣಗಳು ನೀರಿನಲ್ಲಿರಲಿ. ಮೊದಲ ವರ್ಷದ ಮುನ್ಸೂಚನೆ ಒರಟಾಗಿದ್ದರೂ ಚಿಂತೆಯಿಲ್ಲ, ಫೆಬ್ರವರಿಯಲ್ಲಿ ಹೊರಬರಲಿ. ದತ್ತಾಂಶವೆಲ್ಲ ಸಾರ್ವಜನಿಕರಿಗೆ ತೆರೆದಿರಲಿ. ನಮ್ಮ ತೋಟದ ಕೆಳಗಿನ ದಂಡೆಯಲ್ಲಿ ಒಂದು ಉಪಕರಣ ಕಟ್ಟಲು ಜಾಗವಿದೆ, ನಮ್ಮ ಪಂಪು ಓಡಿದ ಹೊತ್ತಿನ ಲೆಕ್ಕವನ್ನು ಪ್ರತಿ ವಾರ ಕೊಡಲು ನಾನು ಸಿದ್ಧ. ಮಾದರಿ ಕಟ್ಟುವ ತಂಡಕ್ಕೆ ನನ್ನ ಕೈಲಾದ ಲೆಕ್ಕಾಚಾರವನ್ನು ಸಂಬಳವಿಲ್ಲದೆ ಮಾಡಿಕೊಡುತ್ತೇನೆ. ಸಭೆಯ ದಿನಾಂಕವನ್ನು ತಿಳಿಸಿ.

ತಮ್ಮ ವಿಶ್ವಾಸಿ,
ತುಂಗಾ ದಂಡೆಯ ಒಬ್ಬ ಅಡಿಕೆ ಬೆಳೆಗಾರ,
ತೀರ್ಥಹಳ್ಳಿ ತಾಲ್ಲೂಕು, ಶಿವಮೊಗ್ಗ ಜಿಲ್ಲೆ